ಎಫ್ ಕಾರ್ಡು ಇನ್ನೂ ಬಂದಿಲ್ಲ

ಪಿಟೀಲು ಸತ್ಯವಂತ ವಾದ್ಯ. ಮೊದಲ ದಿನ ಕಮಾನು ಎಳೆದ ಕೂಡಲೇ ‘ನಿನಗೂ ನನಗೂ ಆಗಿಬರುವುದಿಲ್ಲ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿಬಿಡುತ್ತದೆ. ಕೊಳಲು ಊದಿದರೆ ಬರೀ ಗಾಳಿ ಬರುತ್ತದೆ. ಅದೂ ಒಂದು ಬಗೆಯ ಪ್ರಾಮಾಣಿಕತೆಯೇ. ಗಿಟಾರಿನ ಸ್ವಭಾವ ಬೇರೆ. ಅದು ಮುಖಸ್ತುತಿಯ ವಾದ್ಯ. ಸ್ವರಸ್ಥಾನ ಹುಡುಕುವ ತೊಂದರೆ ಬೇಡವೆಂದು ಅದರ ಕತ್ತಿನುದ್ದಕ್ಕೂ ಲೋಹದ ಮೆಟ್ಟಿಲುಗಳನ್ನು ಕೂರಿಸಿಯೇ ಕೊಡುತ್ತಾರೆ. ಬೆರಳನ್ನು ಒಂದು ಕೂದಲೆಳೆ ಆಚೀಚೆ ಇಟ್ಟರೂ ಸ್ವರ ಸರಿಯಾಗಿಯೇ ಬರುತ್ತದೆ. ಜಿ, ಸಿ, ಡಿ ಎಂಬ ಮೂರು ಕಾರ್ಡು ಕಲಿತರೆ ಮದುವೆ ಮನೆಯಲ್ಲಿ ಹಾಡುವವರ ಹಿಂದೆ ಕೂತು ತಲೆ ಆಡಿಸಬಹುದು. ಒಂದು ತಿಂಗಳು ಕಳೆಯುವಷ್ಟರಲ್ಲಿ ಕಲಿಯುವವನಿಗೆ ತನ್ನೊಳಗೆ ಒಬ್ಬ ಕಲಾವಿದ ಇಷ್ಟು ವರ್ಷ ಸುಮ್ಮನೆ ಮಲಗಿದ್ದ ಎಂಬ ಅನುಮಾನ ಶುರುವಾಗುತ್ತದೆ.

ಆಗ ಎಫ್ ಬರುತ್ತದೆ. ಬರುತ್ತದೆ ಎಂದೆನಲ್ಲ, ತೊಂದರೆ ಇರುವುದೇ ಅದು ಬಾರದಿರುವುದರಲ್ಲಿ. ಸಿ ಶ್ರುತಿಯಲ್ಲಿ ಹಾಡು ನಡೆಯಬೇಕಾದರೆ ಸಿ, ಎಫ್, ಜಿ ಮೂರೂ ಬೇಕು. ಎಫ್ ಹಿಡಿಯಲು ತೋರುಬೆರಳನ್ನು ಮೊದಲನೇ ಮನೆಯಲ್ಲಿ ಆರೂ ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿ ಒತ್ತಬೇಕು. ಉಳಿದ ಮೂರು ಬೆರಳು ಅದೇ ಹೊತ್ತಿಗೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಎಳೆತ ಕೂಡಿದರೆ ಸುಮಾರು 70 ಕೆ.ಜಿ. ಆಗುತ್ತದೆ. ಅದರಲ್ಲೂ ತಂತಿ ಬಿರಡೆಯ ಕಡೆಗೆ ಹೋಗುವ ತುದಿಯ ಹತ್ತಿರ, ಅಂದರೆ ಸರಿಯಾಗಿ ಆ ಮೊದಲನೇ ಮನೆಯಲ್ಲೇ, ಒತ್ತುವುದು ಎಲ್ಲಕ್ಕಿಂತ ಕಷ್ಟ. ಹಲ್ಲು ಕಚ್ಚಿ ಒತ್ತಿ, ಬಲಗೈಯಿಂದ ಮೀಟಿದರೆ ‘ಟಪ್ ಟಪ್’ ಎನ್ನುತ್ತದೆ. ನಾದವಿಲ್ಲ, ಸದ್ದು ಮಾತ್ರ. ಇಂದು ಟಪ್, ನಾಳೆ ಟಪ್, ಬರುವ ಅಮಾವಾಸ್ಯೆಗೂ ಟಪ್.

ಆ ದಿನಗಳಲ್ಲೊಂದು ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಿ ನಿಂತಿದ್ದೆ. ಕಾರ್ಯದರ್ಶಿಗಳು ನನ್ನ ಮುಖ ನೋಡಿ, “ಯಾಕ್ ಮೇಷ್ಟ್ರೆ, ಒಂಥರಾ ಇದೀರಾ?” ಎಂದರು.

“ಏನಿಲ್ಲ, ಎಫ್ ಕಾರ್ಡು ಇನ್ನೂ ಬಂದಿಲ್ಲ.”

ಅವರು ಲೆಕ್ಕ ಬರೆಯುವುದನ್ನು ನಿಲ್ಲಿಸಿ ದನಿ ತಗ್ಗಿಸಿದರು. “ತಾಲ್ಲೂಕಾಫೀಸಲ್ಲಿ ನಮ್ಮೋರೊಬ್ರು ಅವ್ರೆ. ನನ್ನ ಹೆಸರೇಳಿ. ಬಿಪಿಎಲ್ ಕಾರ್ಡೇ ಮಾಡಿಸ್ಕೊಟ್ಟವ್ರೆ, ಇನ್ನು ಎಫ್ ಯಾವ ಲೆಕ್ಕ ಬುಡಿ!”

ನಮ್ಮೂರು ಕೊರವಂಗಲ. ಹಾಸನದಿಂದ ಹತ್ತು ಕಿಲೋಮೀಟರಿನ ಆಸುಪಾಸು. ಹೊರಗಿನವರು ಇಲ್ಲಿಗೆ ಬರುವುದು ಬೂಚೇಶ್ವರನ ಗುಡಿ ನೋಡಲು. ಹೊಯ್ಸಳ ಎರಡನೇ ವೀರಬಲ್ಲಾಳನಿಗೆ ಪಟ್ಟವಾದ ಸಂಭ್ರಮಕ್ಕೆ ಬೂಚಿರಾಜನೆಂಬ ಅವನ ಅಧಿಕಾರಿ 1173ರಲ್ಲಿ ಕಟ್ಟಿಸಿದ್ದು. ಬೇಲೂರು ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ದಾರಿ ಕೇಳಿಕೊಂಡು ಬರುವವರು ಒಬ್ಬಿಬ್ಬರು. ನಾನು ಗಿಟಾರ್ ಹೇಳಿಕೊಡುವುದು ಭಾನುವಾರ ಸಂಜೆ, ನಮ್ಮ ಮನೆಯ ಜಗಲಿಯ ಮೇಲೆ. ಒಮ್ಮೆ ಬೆಂಗಳೂರಿನ ಕಾರೊಂದು ನಿಂತು, ಕನ್ನಡಕದ ಹೆಂಗಸೊಬ್ಬರು ಕಿಟಕಿ ಇಳಿಸಿ, ನಾವೆಲ್ಲ ಸೇರಿ ಎಫ್ ಹಿಡಿಯುತ್ತಿದ್ದುದನ್ನು ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ಸಂತೋಷದಿಂದ ಕೇಳಿದರು: “ದೇವಸ್ಥಾನದ ಜೀರ್ಣೋದ್ಧಾರ ನಡೀತಿದೆಯಾ?”

ಬೂಚೇಶ್ವರನ ಗುಡಿಗೆ ಎರಡು ಗರ್ಭಗುಡಿ. ಒಂದರಲ್ಲಿ ಶಿವ, ಇನ್ನೊಂದರಲ್ಲಿ ಸೂರ್ಯ, ಇಬ್ಬರೂ ಎದುರುಬದುರು. ಪಾಠಕ್ಕೆ ಕೂತ ಗುರುಶಿಷ್ಯರನ್ನು ನೋಡಿದಾಗಲೆಲ್ಲ ನನಗೆ ಅವರದೇ ನೆನಪು. ಎಂಟೂವರೆ ಶತಮಾನದಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾರೆ, ಯಾರೂ ಮುಂದಿನ ಪಾಠಕ್ಕೆ ಹೋಗಿಲ್ಲ.

ನನ್ನ ಶಿಷ್ಯವರ್ಗ ದೊಡ್ಡದಲ್ಲ, ಆದರೆ ಬೇಸರದಲ್ಲಿ ಎಷ್ಟು ಜಾತಿಯಿದೆಯೋ ಅಷ್ಟಕ್ಕೂ ಅದರಲ್ಲಿ ಪ್ರತಿನಿಧಿಗಳಿದ್ದಾರೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳದು ನೇರ ಬೇಸರ. “ಸಾರ್, ಇದು ಬರಲ್ಲ. ಹಾಡು ಯಾವಾಗ?” ಎಂದು ಕೇಳಿ, ಉತ್ತರ ಬರುವ ಮೊದಲೇ ಗಿಟಾರನ್ನು ಗೋಡೆಗೆ ಒರಗಿಸಿ ಕುಂಟೆಬಿಲ್ಲೆಗೆ ಓಡುತ್ತಾಳೆ. ಇಂಜಿನಿಯರಿಂಗ್ ಓದುವ ಹುಡುಗನದು ಖರ್ಚಿನ ಬೇಸರ. ಕೈ ಮುಂದೆ ಹೋಗದಿದ್ದಾಗಲೆಲ್ಲ ಅವನು ಏನನ್ನಾದರೂ ಕೊಂಡು ತರುತ್ತಾನೆ. ಮೊದಲು ಕ್ಯಾಪೊ, ಆಮೇಲೆ ಮೂರು ದಪ್ಪದ ಪಿಕ್ಕು, ಆಮೇಲೆ ಕಸೂತಿಯ ಪಟ್ಟಿ, ಆಮೇಲೆ ಕಾಲಿಡಲು ಪುಟ್ಟ ಮಣೆ. ಅವನ ಹತ್ತಿರ ಈಗ ಎಫ್ ಒಂದನ್ನು ಬಿಟ್ಟು ಎಲ್ಲವೂ ಇದೆ. ಮೂರನೆಯವರು ಕೆಇಬಿಯಿಂದ ನಿವೃತ್ತರಾದ ಲೈನ್‌ಮನ್. ಜೀವಮಾನವೆಲ್ಲ ತಂತಿ ಎಳೆದ ಕೈ. ಬೆರಳು ನೋಯುವುದೆಂದರೇನೆಂದು ಅವರಿಗೆ ಗೊತ್ತಿಲ್ಲ. ಎಫ್ ಮೊದಲ ವಾರವೇ ಬಂತು. ಬಾರದ್ದು ಲಯ. ಎಡಗೈ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಬಲಗೈ ಅಲ್ಲೇ ನಿಂತು ಕಾಯುತ್ತದೆ. ಕೇಳಿದರೆ, “ಮೇಲಿನಿಂದ ಸಿಗ್ನಲ್ ಬರೋವರ್ಗೂ ಕೈ ಹಾಕಬಾರ್ದು, ಅದು ನಮ್ಮ ರೂಲು” ಎನ್ನುತ್ತಾರೆ. ಅವರ ಬೇಸರ ಮೌನದ್ದು. ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ನಮಸ್ಕಾರ ಮಾಡಿ ಹೋಗುತ್ತಾರೆ. ಆ ಜಿಪ್ಪಿನ ಸದ್ದು ಕೇಳಿದರೆ ಮುಂದಿನ ವಾರ ಬರುತ್ತಾರೋ ಇಲ್ಲವೋ ಎಂದು ಎದೆ ಹಾರುತ್ತದೆ.

ನಾಲ್ಕನೆಯವರು ಶಿಷ್ಯರಲ್ಲ. ಎದುರು ಮನೆಯ ಅಜ್ಜಿ. ನಾವು ಬಾರಿಸುವಷ್ಟು ಹೊತ್ತೂ ತಮ್ಮ ಜಗಲಿಯಲ್ಲಿ ಕೂತು, ಕಾಲಕ್ಕೆ ತಕ್ಕಂತೆ ಅವರೆಕಾಯಿಯನ್ನೋ ತೊಗರಿಕಾಯಿಯನ್ನೋ ಸುಲಿಯುತ್ತಿರುತ್ತಾರೆ. ಹೊಗಳಿಲ್ಲ, ತೆಗಳಿಲ್ಲ, ಎದ್ದೂ ಹೋಗಿಲ್ಲ.

ಹಾಸನ ಜಿಲ್ಲೆಯಲ್ಲಿ ಸಂಗೀತ ಬರುತ್ತಿಲ್ಲವೆಂದು ಗೊಣಗುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲೆ ರುದ್ರಪಟ್ಟಣವಿದೆ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ರುದ್ರಪಟ್ಟಣಂ ಸಹೋದರರ ಮೂಲವೂ ಅದೇ ಊರು. ಅಲ್ಲಿಯವರೇ ಆದ ಆರ್.ಕೆ. ಪದ್ಮನಾಭ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ. ಅದೇ 1920ರಲ್ಲಿ ಇದೇ ಜಿಲ್ಲೆಯ ಗಡ್ಡವಳ್ಳಿಯಲ್ಲಿ ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು ಹುಟ್ಟಿದರು. ವೀಣೆಯಲ್ಲೋ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಅದರ ಮೇಲೆ ತಂತಿ ಎಳೆದು ಗಮಕ ಬೇರೆ. ಅಂಥ ನೆಲದಲ್ಲಿ ಕೂತು, ಒಂದು ಬೆರಳು ಅಡ್ಡ ಮಲಗಿಸಲು ಆಗುತ್ತಿಲ್ಲವೆಂದು ಯಾರ ಮುಂದೆ ಅಳುವುದು?

ರುದ್ರಪಟ್ಟಣದ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆಯ ಮುಂದೆ ಅತ್ತೆ. ಅವರು ಹಬ್ಬಕ್ಕೆ ಬಂದಿದ್ದರು. “ಎಷ್ಟು ದಿನದಿಂದ ಬರ್ತಿಲ್ಲ?” ಎಂದು ವೈದ್ಯರ ಹಾಗೆ ವಿಚಾರಿಸಿದರು. ತಿಂಗಳುಗಳಾದವು ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. “ತಿಂಗಳಾ? ನಾನು ಸರಳೆ ವರಸೆ, ಜಂಟಿ ವರಸೆ ಅಂತ ಮಾಯಾಮಾಳವಗೌಳದಲ್ಲಿ ಇರುವಾಗಲೇ ಮದುವೆ ಮಾಡಿ ಕಳಿಸಿಬಿಟ್ರು. ನನಗೂ ಬೇಜಾರಾಗ್ಲಿಲ್ಲ, ನಮ್ಮ ಮೇಷ್ಟ್ರಿಗೂ ಆಗ್ಲಿಲ್ಲ. ಮೂರು ಕಾಲದಲ್ಲಿ ಬಾರಿಸ್ತೀಯಾ? ಮೊದಲು ಒಂದನೇ ಕಾಲ ನೆಟ್ಟಗೆ ಬಾರಿಸು ಹೋಗು.”

ಅತ್ತೆಯ ಮಾತಿನಲ್ಲಿ ಹುರುಳಿತ್ತು. ನಮ್ಮ ಹಿರಿಯರು ಜಾಣರು. ಕಲಿಕೆ ಎಲ್ಲೆಲ್ಲಿ ನಿಲ್ಲುತ್ತದೆಯೋ ಅಲ್ಲೆಲ್ಲ ಒಂದೊಂದು ಹೆಸರಿಟ್ಟು ಅದನ್ನೇ ಪಠ್ಯಕ್ರಮ ಮಾಡಿಬಿಟ್ಟರು. ಸರಳೆ, ಜಂಟಿ, ದಾಟು, ಅಲಂಕಾರ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಆ ದಾರಿಯಲ್ಲಿ ವರ್ಷಗಟ್ಟಲೆ ಒಂದೇ ಕಡೆ ನಿಂತವನನ್ನು ಯಾರೂ ‘ಸಿಕ್ಕಿಹಾಕಿಕೊಂಡಿದ್ದಾನೆ’ ಎನ್ನುವುದಿಲ್ಲ, ‘ಅಲಂಕಾರದಲ್ಲಿದ್ದಾನೆ’ ಎನ್ನುತ್ತಾರೆ. ಎಷ್ಟು ಮರ್ಯಾದೆ! ಗಿಟಾರ್ ಕಲಿಯುವ ಬಡಪಾಯಿಗೆ ಈ ಅನುಕೂಲವಿಲ್ಲ. ಅವನು ಬರೀ ನಿಂತಿದ್ದಾನೆ.

ಹೀಗೆ ನಿಲ್ಲುವುದರ ಶಾಸ್ತ್ರ ಹುಟ್ಟಿದ್ದು ಸಂಗೀತದ ಶಾಲೆಯಲ್ಲಲ್ಲ, ತಂತಿ ಕಚೇರಿಯಲ್ಲಿ. ಅಮೆರಿಕದ ಇಂಡಿಯಾನಾದಲ್ಲಿ ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು 1897 ಮತ್ತು 1899ರಲ್ಲಿ ಬರೆದ ಪ್ರಬಂಧಗಳಲ್ಲಿ, ಮೋರ್ಸ್ ಸಂಕೇತ ಕಲಿಯುವ ಟೆಲಿಗ್ರಾಫ್ ಹುಡುಗರ ವೇಗವನ್ನು ವಾರವಾರ ಅಳೆದು ಗೆರೆ ಎಳೆದು ತೋರಿಸಿದರು. ಸುದ್ದಿ ಕಳಿಸುವ ವೇಗದ ಗೆರೆ ಒಂದೇ ಸಮನೆ ಏರುತ್ತ ಹೋಯಿತು. ಸುದ್ದಿ ಕೇಳಿ ಬರೆದುಕೊಳ್ಳುವ ವೇಗದ ಗೆರೆ ಮಾತ್ರ ಏರಿ, ನಡುವೆ ಎಷ್ಟೋ ವಾರ ಅಡ್ಡಡ್ಡ ನಡೆದು, ಆಮೇಲೆ ಮತ್ತೆ ಏರಿತು. ಕಾರಣವನ್ನೂ ಕೊಟ್ಟರು. ಹುಡುಗ ಮೊದಲು ಒಂದೊಂದೇ ಅಕ್ಷರ ಹಿಡಿಯುತ್ತಾನೆ. ಅಕ್ಷರಗಳು ತಾವಾಗಿ ಬರುವಷ್ಟು ರೂಢಿಯಾಗುವ ತನಕ ಪದ ಕೈಗೆ ಸಿಗುವುದಿಲ್ಲ. ಹೊರಗಿನಿಂದ ನೋಡಿದರೆ ನಿಂತ ಹಾಗೆ. ಒಳಗೆ ಅಕ್ಷರಗಳು ಕೂಡಿಕೊಂಡು ಪದವಾಗುತ್ತಿರುತ್ತವೆ. 1958ರಲ್ಲಿ ಫ್ರೆಡ್ ಕೆಲ್ಲರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ, ಹಾಗೆ ನಿಲ್ಲಲೇಬೇಕೆಂಬ ನಿಯಮವೇನಿಲ್ಲ, ಅದು ಬರೀ ಭೂತ ಎಂದು ವಾದಿಸಿ ಒಂದು ಲೇಖನ ಬರೆದ. ದೊಡ್ಡ ವಿದ್ವಾಂಸ, ಸೈನಿಕರಿಗೆ ಮೋರ್ಸ್ ಕಲಿಸಲು ಹೊಸ ವಿಧಾನ ಕಂಡುಹಿಡಿದವನು. ಆದರೆ ಎಫ್ ಹಿಡಿದು ತೋರಿಸು ಎಂದು ಅವನನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಈ ಪ್ರಬಂಧಗಳಿಗಿಂತ ಹೆಚ್ಚು ನನಗೆ ತಿಳಿಸಿದ್ದು ಜಗಲಿ. ಜಿ, ಸಿ, ಡಿಗಳ ಮೊದಲ ತಿಂಗಳಲ್ಲಿ ಯಾರಿಗೂ ಬೇಸರವಿರುವುದಿಲ್ಲ. ಬಾರಿಸಿದ್ದು ಆಗಲೂ ಕೆಟ್ಟದಾಗಿಯೇ ಇರುತ್ತದೆ. ಅದು ಕೆಟ್ಟದಾಗಿದೆಯೆಂದು ಅವರ ಕಿವಿಗೆ ಗೊತ್ತಿರುವುದಿಲ್ಲ, ಅಷ್ಟೇ. ಮೂರನೇ ತಂತಿ ಇಳಿದಿದ್ದರೂ ಆನಂದ, ಎರಡನೆಯದು ಮುಲುಗುಟ್ಟಿದರೂ ಆನಂದ. ಒಂದು ದಿನ ಹುಡುಗಿ ಮುಖ ಕಿವುಚಿ “ಚೆನ್ನಾಗಿ ಬರ್ತಿಲ್ಲ ಸಾರ್” ಎನ್ನುತ್ತಾಳೆ. ಹಿಂದಿನ ವಾರಕ್ಕಿಂತ ಕೈ ಕೆಟ್ಟಿಲ್ಲ. ಕಿವಿ ಒಂದು ಕ್ಲಾಸು ಪಾಸಾಗಿ ಮುಂದೆ ಹೋಗಿ, ಹಿಂದೆ ಉಳಿದ ಕೈಯನ್ನು ತಿರುಗಿ ನೋಡುತ್ತಿದೆ. ಬೇಸರ ಬಂತೆಂದರೆ ಕಿವಿ ಬೆಳೆಯಿತೆಂದು ಲೆಕ್ಕ. ಮೇಷ್ಟ್ರ ಕೆಲಸವೆಲ್ಲ ಇಷ್ಟೇ: ಕೈ ಬಂದು ಸೇರುವ ತನಕ ಶಿಷ್ಯರನ್ನು ಎದ್ದು ಹೋಗದಂತೆ ಕೂರಿಸಿಕೊಳ್ಳುವುದು.

ಅದಕ್ಕೆ ಕೆಲವು ಉಪಾಯಗಳಿವೆ. ಮೊದಲನೆಯದು, ದೋಷ ಕೈಯದೋ ವಾದ್ಯದ್ದೋ ನೋಡುವುದು. ಹುಡುಗಿಯ ಗಿಟಾರಿನಲ್ಲಿ ತಂತಿಗಳು ಮೆಟ್ಟಿಲಿನಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ನಡುವೆ ಇಲಿ ಓಡಾಡಬಹುದಿತ್ತು. ನಮ್ಮೂರಿನ ಆಚಾರ್ರಿಗೆ ತೋರಿಸಿದೆ. ಅವರು ತಂತಿ ಸಡಿಲಿಸಿ, ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ಈಚೆಗೆ ತೆಗೆದು, ಅದರ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ತಗ್ಗಿಸಿದರು. “ನೇಗಿಲಿಗಾದ್ರೆ ಇಷ್ಟು ನಾಜೂಕು ಬ್ಯಾಡ” ಎಂದು ಮಾತ್ರ ಹೇಳಿ, ಕಾಫಿ ಕುಡಿದು ಹೋದರು. ಎರಡನೆಯದು, ಎಫ್‌ನ ಅಡ್ಡಬೆರಳನ್ನು ಮೊದಲನೇ ಮನೆಯಲ್ಲಿ ಶುರುಮಾಡದೆ ಐದನೇ ಮನೆಯಲ್ಲಿ ಹಿಡಿಸುವುದು. ಅಲ್ಲಿ ತಂತಿ ಮೆತ್ತಗೆ ಬಗ್ಗುತ್ತದೆ, ನಾದ ಹುಟ್ಟುತ್ತದೆ. ಹುಟ್ಟಿದ ನಾದವನ್ನು ಕೈಹಿಡಿದು ನಾಲ್ಕು, ಮೂರು, ಎರಡು ಎಂದು ಒಂದೊಂದೇ ಮನೆ ಕೆಳಕ್ಕೆ ನಡೆಸಿಕೊಂಡು ಬರಬೇಕು. ಮೂರನೆಯದು, ಮೊಬೈಲಿನಲ್ಲಿ ಮೂರು ತಿಂಗಳ ಹಿಂದೆ ಹಿಡಿದಿಟ್ಟ ಅವರದೇ ವಾದನವನ್ನು ಕೇಳಿಸುವುದು. ಇದಕ್ಕಿಂತ ಒಳ್ಳೆಯ ಔಷಧ ಇಲ್ಲ. “ಛೀ, ಇದು ನಾನಾ ಸಾರ್?” ಎಂದು ಹುಡುಗಿ ಕಿವಿ ಮುಚ್ಚಿಕೊಂಡಳು, ಅವಳಿಗೆ ತನ್ನ ಪ್ರಗತಿಪತ್ರ ಸಿಕ್ಕಿತು.

ನಾಲ್ಕನೆಯದು, ಮಹಾಪುರುಷರ ಕಥೆ ಹೇಳುವುದು. ಇದನ್ನು ಮಾತ್ರ ಎಚ್ಚರಿಕೆಯಿಂದ ಬಳಸಬೇಕು. ಜಾಂಗೊ ರೈನ್‌ಹಾರ್ಟ್ ಎಂಬ ಯುರೋಪಿನ ಅಲೆಮಾರಿ ವಾದಕ ವಾಸಿಸುತ್ತಿದ್ದ ಗಾಡಿಗೆ 1928ರಲ್ಲಿ ಬೆಂಕಿ ಬಿದ್ದು, ಎಡಗೈಯ ಎರಡು ಬೆರಳು ಮಡಚಿಕೊಂಡುಬಿಟ್ಟವು. ಉಳಿದೆರಡೇ ಬೆರಳಿನಲ್ಲಿ ಸ್ವರಮಾಲೆ ಕಟ್ಟಿ ಜಗತ್ತನ್ನು ಬೆರಗುಗೊಳಿಸಿದ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಗೆ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಆತ ಎಡಚ, ತಂತಿ ಒತ್ತುವುದು ಬಲಗೈಯಲ್ಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಬಾರಿಸಿದ. ಇಷ್ಟನ್ನೂ ಭಾವುಕನಾಗಿ ಹೇಳಿ ಮುಗಿಸಿದೆ. ಹುಡುಗಿ ಕೇಳಿದಳು: “ಅವರಿಗೆ ಹೋಂವರ್ಕ್ ಇತ್ತಾ ಸಾರ್?” ಲೈನ್‌ಮನ್ ತಮ್ಮ ಬೆರಳುಗಳನ್ನು ಎಣಿಸಿ ನೋಡಿಕೊಂಡು, “ಎರಡೇ ಸಾಕಾಗೋದಾದ್ರೆ ಮಿಕ್ಕಿದ್ದುನ್ನ ಯಾಕ್ ನೋಯಿಸೋದು?” ಎಂದರು. ಇಂಜಿನಿಯರಿಂಗ್ ಹುಡುಗ ಮೈಸೂರಿನ ಉದಾಹರಣೆಯನ್ನೇ ತಂದ. ರಘು ದೀಕ್ಷಿತ್ ಭರತನಾಟ್ಯ ಮಾಡಿಕೊಂಡಿದ್ದವರು ಕಾಲೇಜಿನಲ್ಲಿ ಪಂಥ ಕಟ್ಟಿ ಗಿಟಾರ್ ಕಲಿತರಂತೆ, ಹಾಗೆ ತಾನೂ ಪಂಥ ಕಟ್ಟಿದರೆ ಹೇಗೆ ಎಂದ. ಕಟ್ಟಪ್ಪ, ಆದರೆ ಆ ಪಂಥ ಗೆದ್ದ ಮೇಲೆ ಅವರ ಮೊದಲ ಆಲ್ಬಂ ಬರಲು 2008ರ ತನಕ ಆಯಿತು, ಹತ್ತು ವರ್ಷಕ್ಕೂ ಹೆಚ್ಚು, ಅದನ್ನೂ ಪಂಥದಲ್ಲಿ ಸೇರಿಸಿಕೊ ಎಂದೆ. ಅವನು ಹಾಸನಕ್ಕೆ ಹೋಗಿ ಹೊಸ ತಂತಿ ತಂದ.

ಮೇಷ್ಟ್ರೂ ನಿಲ್ಲುತ್ತಾರೆ ಎಂಬುದು ಶಿಷ್ಯರಿಗೆ ತಿಳಿಯದ ರಹಸ್ಯ. ಪ್ರತಿ ಭಾನುವಾರ ಅದೇ ಜಿ, ಅದೇ ಸಿ, “ಹೆಬ್ಬೆರಳು ಹಿಂದಕ್ಕೆ”, “ಉಗುರು ಕತ್ತರಿಸಿಕೊಂಡು ಬಾ”. ನಾನು ಬಾರಿಸಬೇಕೆಂದುಕೊಂಡಿದ್ದ ತುಣುಕುಗಳೆಲ್ಲ ಹಾಗೇ ಉಳಿದು, ನನ್ನ ಕೈ ವರ್ಷವಿಡೀ ಪ್ರೈಮರಿ ಸ್ಕೂಲಿನಲ್ಲೇ ಇದೆಯಲ್ಲ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಲೈನ್‌ಮನ್ನರ ಬಲಗೈಯನ್ನು ನಡೆಸುವುದಕ್ಕಾಗಿ, ತಾಳ ತಪ್ಪದೆ ಕೈ ಮೇಲೆ ಕೆಳಗೆ ಹೋಗುವುದನ್ನು ಆಮೆಯ ನಡಿಗೆಗೆ ಇಳಿಸಿ ತೋರಿಸಬೇಕಾಯಿತಲ್ಲ, ಆಗ ನನ್ನ ಕೈ ಎಲ್ಲಿ ಮುಗ್ಗರಿಸುತ್ತಿತ್ತೆಂದು ನನಗೇ ಮೊದಲ ಸಲ ಕೇಳಿಸಿತು. ಅತ್ತೆ ಹೇಳಿದ ಒಂದನೇ ಕಾಲ ಅದೇ. ಅಷ್ಟು ನಿಧಾನವನ್ನು ಒಬ್ಬನೇ ಕೂತಾಗ ಯಾರು ಸಹಿಸುತ್ತಾರೆ? ಇನ್ನೊಬ್ಬರಿಗೆ ಹೇಳಿಕೊಡುವ ನೆಪದಲ್ಲಿ ಮಾತ್ರ ಸಹಿಸುತ್ತೇವೆ. ಹಾಗೆ ನೋಡಿದರೆ ಫೀಸು ನಾನೇ ಕೊಡಬೇಕಿತ್ತು. ಈ ಮಾತು ಜಗಲಿಯಿಂದಾಚೆ ಹೋಗದಿರಲಿ.

ಕೊನೆಯ ಉಪಾಯ ಗಣೇಶ. ನಮ್ಮ ಬೀದಿಯ ಪೆಂಡಾಲಿನಲ್ಲಿ ಬಾರಿಸಬೇಕೆಂದು ಹುಡುಗರು ಪಟ್ಟುಹಿಡಿದರು. ತಾರೀಖು ಗೊತ್ತಾದ ಮೇಲೆ ಬೇಸರಕ್ಕೆ ಪುರುಸೊತ್ತಿರುವುದಿಲ್ಲ. ಆರಿಸಿದ್ದು 1981ರ ‘ಗೀತಾ’ ಸಿನಿಮಾದ ಹಾಡು. ಶಂಕರ್‌ನಾಗ್ ನಿರ್ದೇಶನ, ಇಳಯರಾಜಾ ಸಂಗೀತ. ಊರಿನವರಿಗೆಲ್ಲ ಬಾಯಿಪಾಠ, ಆದ್ದರಿಂದ ತಪ್ಪು ಮುಚ್ಚಿಡಲು ಜಾಗವಿಲ್ಲ. ಸಿ ಶ್ರುತಿಗೆ ಇಳಿಸಿಕೊಂಡೆವು, ಎಫ್ ತಪ್ಪಲಿಲ್ಲ. ಹುಡುಗಿಗೆ ಮಾತ್ರ ಸುಳ್ಳು ಎಫ್ ಹೇಳಿಕೊಟ್ಟೆ. ತೋರುಬೆರಳನ್ನು ಅಡ್ಡ ಮಲಗಿಸದೆ, ಮೊದಲನೇ ತಂತಿಯನ್ನು ಹಾಗೇ ಬಿಟ್ಟುಬಿಡುವುದು. ಶಾಸ್ತ್ರದಲ್ಲಿ ಅದಕ್ಕೆ ಎಫ್ ಮೇಜರ್ ಸೆವೆಂತ್ ಎಂಬ ಗೌರವದ ಹೆಸರೂ ಇದೆ. ಕಷ್ಟ ಕಂಡಾಗಲೆಲ್ಲ ಇಂಜಿನಿಯರಿಂಗ್ ಹುಡುಗನೂ ಅದಕ್ಕೇ ಜಾರಿಕೊಂಡ. ಹಾಡಿನ ನಡುವೆ ಕರೆಂಟು ಹೋಯಿತು. ಲೈನ್‌ಮನ್ ಗಿಟಾರನ್ನು ಗಣೇಶನ ಪಕ್ಕದಲ್ಲಿಟ್ಟು, ಎದ್ದು ಹೋಗಿ ಫ್ಯೂಸು ಕಟ್ಟಿ ಬಂದರು. ಆ ಸಂಜೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದದ್ದು ಅದಕ್ಕೆ. ಚಪ್ಪಾಳೆಯ ಹುರುಪಿನಲ್ಲಿ ಅವರ ಬಲಗೈ ಕಾಯುವುದನ್ನು ಮರೆತು, ಮಿಕ್ಕ ಅರ್ಧ ಹಾಡು ತಾಳಕ್ಕೆ ಸರಿಯಾಗಿ ನಡೆಯಿತು. ಅದು ಸರಿಯಾಗಿತ್ತೆಂದು ಅವರಿಗೆ ಗೊತ್ತಾಗಿದ್ದು ಮಾರನೇ ದಿನ, ನಾನು ಹೇಳಿದಾಗ.

ಪ್ರಸಾದ ಹಂಚುವಾಗ ಎದುರು ಮನೆಯ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. ಇಷ್ಟು ದಿನದಲ್ಲಿ ಅವರು ನಮ್ಮ ಸಂಗೀತದ ಬಗ್ಗೆ ಬಾಯಿ ಬಿಟ್ಟಿದ್ದು ಅದೇ ಮೊದಲು.

“ಮೇಷ್ಟ್ರೆ, ಚೆನ್ನಾಗಿತ್ತು. ಆದ್ರೆ ಆ ಎರಡನೇ ಸಾಲು ತಿರುಗೋ ಕಡೆ ಒಂದು ಗಟ್ಟಿ ಸದ್ದು ಬರ್ಬೇಕಾಗಿತ್ತು. ಮಗೀನೂ ಆ ಹುಡುಗನೂ ಜಾರಿಸ್ಕಂಡ್ರು. ನೀವೂ ಒಂದ್ಸಲ ಜಾರಿಸ್ಕಂಡ್ರಿ.”

ನಾನು ಕೈಯಲ್ಲಿದ್ದ ಕಡಲೆಕಾಳನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಮರೆತು ನಿಂತೆ. ಗಿಟಾರನ್ನು ಮುಟ್ಟಿಯೂ ನೋಡದ ಈ ಹೆಂಗಸು ಸುಳ್ಳು ಎಫ್ಫನ್ನು ಹಿಡಿದುಹಾಕಿದ್ದರು. ನಮ್ಮ ಕೈಗಳು ಮುಂದೆ ಹೋಗಲಾರದೆ ಒದ್ದಾಡಿದ ಅಷ್ಟೂ ಭಾನುವಾರಗಳಲ್ಲಿ ಅವರ ಕಿವಿ ಕಾಯಿ ಸುಲಿಯುತ್ತ ಸುಲಿಯುತ್ತಲೇ ನಮ್ಮನ್ನೆಲ್ಲ ಹಿಂದೆ ಹಾಕಿತ್ತು.

“ಇಷ್ಟು ಕೇಳಿಸುತ್ತೆ ಅಂದ್ಮೇಲೆ ನೀವೂ ಕಲೀಬಹುದಲ್ಲ ಅಜ್ಜಿ?” ಎಂದೆ.

“ಸುಮ್ಕಿರಿ. ಊರೋರೆಲ್ಲ ಬಾರಿಸ್ತಾ ಕುಂತ್ರೆ ಕೇಳಾಕೆ ಒಬ್ರು ಬ್ಯಾಡ್ವಾ?”

ಅಂದಿನಿಂದ ನಮ್ಮ ಜಗಲಿಯಲ್ಲಿ ಸುಳ್ಳು ಎಫ್ ನಿಷಿದ್ಧ. ಯಾರ ಕೈಯಾದರೂ ಅತ್ತ ಜಾರಿತೆಂದರೆ ಎದುರು ಜಗಲಿಯಲ್ಲಿ ಕಾಯಿ ಸುಲಿಯುವ ಸದ್ದು ಒಂದು ಗಳಿಗೆ ನಿಲ್ಲುತ್ತದೆ, ಅಷ್ಟೇ ಸಾಕು. ಮೇಷ್ಟ್ರಿಗೆ ಹೆದರದ ಶಿಷ್ಯರೆಲ್ಲ ಅಜ್ಜಿಗೆ ಹ್ಯಾಗೆ ಹೆದರುತ್ತಾರೆ! ಮೇಷ್ಟ್ರೂ ಹೆದರುತ್ತಾರೆ.